ಹದಿನಾಲ್ಕನೇ ಪುಟ

ಗಾಳಿಕೊಪ್ಪ,
೨೧೮೭ನೇ ಇಸವಿಯ ಬಿಡಿ ದಿನ

ಮಕ್ಕಳ ಚಿತ್ರಪುಸ್ತಕ ಬರೆಯುವ, ಅಚ್ಚು ಹಾಕುವ, ಕೊಂಡು ತಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುವ ಹಿರಿಯರಿಗೆ ನೀಲವ್ವ ಬಣಗಾರಳ ಶರಣು.

ಮೇಲೆ ಬರೆದ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಹಾಗೆ ಎಣಿಸುತ್ತ ಹೋದರೆ ವರ್ಷದ ಕೊನೆಗೆ ಒಂದು ದಿನ ಯಾವ ತಿಂಗಳಿಗೂ ಸೇರದೆ ಉಳಿಯುತ್ತದೆ. ಅದೇ ಬಿಡಿ ದಿನ. ಅವತ್ತು ಕಚೇರಿ, ಶಾಲೆ, ಮಗ್ಗ ಎಲ್ಲಕ್ಕೂ ರಜೆ. ಜನ ಮನೆಯಲ್ಲಿ ಕೂತು ಹಿಂಬರಹ ಬರೆಯುತ್ತಾರೆ. ಹಿಂಬರಹವೆಂದರೆ ಸತ್ತುಹೋದ ಹಿರಿಯರಿಗೆ ಬರೆಯುವ ಕಾಗದ. ಹೆಚ್ಚಿನವರು ನಾವು ಕ್ಷೇಮ, ಆಶೀರ್ವಾದ ಇರಲಿ ಎಂದು ನಾಲ್ಕು ಸಾಲು ಗೀಚಿ ಅಂಚೆಯವನ ಚೀಲಕ್ಕೆ ಹಾಕುತ್ತಾರೆ. ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆಂದು ಕೇಳುವ ರೂಢಿ ಇಲ್ಲ. ನನಗೆ ಎಪ್ಪತ್ತೊಂದು ವರ್ಷ. ಇಲ್ಲಿಯವರೆಗೆ ಒಂದೂ ಹಿಂಬರಹ ಬರೆದವಳಲ್ಲ. ಇವತ್ತು ಬರೆಯಲು ಕೂತದ್ದು ನಿಮ್ಮ ಮೇಲಿನ ಸಿಟ್ಟಿನಿಂದ. ಸಿಟ್ಟು ಅಂದರೆ ಕಡಿಮೆ ಹೇಳಿದಂತಾಯಿತು, ಹೇಸಿಗೆಯಿಂದ ಎಂದೇ ಇಟ್ಟುಕೊಳ್ಳಿ. ಅದರಲ್ಲಿ ನನ್ನ ಪಾಲೂ ದೊಡ್ಡದಿದೆ. ಅದನ್ನು ಬಚ್ಚಿಡುವುದಿಲ್ಲ.

ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಚಿತ್ರಪುಸ್ತಕಗಳಿಂದಲೇ. ಆದ್ದರಿಂದ ನಡುನಡುವೆ ಬುದ್ಧಿ ಹೇಳುವ ಕರಡಿಮರಿಯ ಧಾಟಿ ಬಂದೀತು. ಕೆಲವು ಮಾತುಗಳ ಅರ್ಥವೂ ಈಗ ಬದಲಾಗಿದೆ. ನೀವು ದಾರಿಯಲ್ಲಿ ಸಿಕ್ಕವರನ್ನು "ಏನು ವಿಶೇಷ?" ಎಂದು ಕೇಳಿದರೆ, ಅವರು "ಏನಿಲ್ಲ, ನಿಮ್ಮದೇನು?" ಎಂದು ನಕ್ಕು ಮುಂದೆ ಹೋಗುತ್ತಿದ್ದರಂತೆ. ಇಲ್ಲಿ ಹಾಗೆ ಕೇಳಿದರೆ ಹೊಡೆದಾಟವಾಗುತ್ತದೆ. ವಿಶೇಷವೆಂದರೆ ಈಗ ಒಬ್ಬರ ಮೈಯಲ್ಲೋ ನಡೆಯಲ್ಲೋ ಉಳಿದವರಿಗಿಂತ ಬೇರೆಯಾಗಿರುವ ಸಂಗತಿ. ಕುಂಟು ವಿಶೇಷ, ಮಾಲುಗಣ್ಣು ವಿಶೇಷ, ಒಬ್ಬನೇ ಕೂತು ಗೋಡೆ ನೋಡುವುದು ವಿಶೇಷ. ಅದನ್ನು ಬೀದಿಯಲ್ಲಿ ಕೇಳಬಾರದು. ಕೇಳುವ ಅಧಿಕಾರ ಪುಟ ಮಂಡಳಿಗೆ ಮಾತ್ರ ಇದೆ. ಅದರ ಕತೆಯನ್ನೇ ಹೇಳಲು ಹೊರಟಿದ್ದೇನೆ.

ಮೊದಲು ನಮ್ಮೂರು ಹೇಗಿದೆ ಎನ್ನುವುದನ್ನು ಹೇಳಿಬಿಡುತ್ತೇನೆ. ಗಾಳಿಕೊಪ್ಪ ಹಳೆಯ ಗದಗಿನ ಆಚೆ, ಕಪ್ಪತಗುಡ್ಡದ ಬುಡದಲ್ಲಿದೆ. ನಿಮ್ಮ ಕಾಲದಲ್ಲಿ ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳ ರೆಕ್ಕೆಗಳೇ ಈಗ ನಮ್ಮ ಮನೆಗಳ ಚಾವಣಿ. ಒಂದು ರೆಕ್ಕೆಗೆ ನಾಲ್ಕು ಮನೆ. ಗಾಳಿ ಜೋರಾದಾಗ ಅವು ಹಳೆಯದನ್ನು ನೆನೆದು ನರಳುತ್ತವೆ ಎಂದು ಮಕ್ಕಳನ್ನು ಹೆದರಿಸುತ್ತೇವೆ. ಬಿಸಿಲು ವಿಪರೀತ. ಹತ್ತು ಗಂಟೆಗೆ ಬಾಗಿಲು ಹಾಕಿಕೊಂಡರೆ ಮತ್ತೆ ತೆಗೆಯುವುದು ನಾಲ್ಕರ ಮೇಲೆ. ಸೌದೆಗೂ ಗ್ಯಾಸಿಗೂ ಬರ ಬಂದ ಕಾಲದಿಂದ ಓಣಿಗೆ ಒಂದೇ ಒಲೆ. ಅದನ್ನು ಒಂದೊಲೆ ಅನ್ನುತ್ತೇವೆ. ಇಡೀ ಓಣಿಯ ಅಡುಗೆ ಅಲ್ಲೇ ಆಗುತ್ತದೆ, ಊಟವೂ ಅಲ್ಲೇ, ಜಗಳವೂ ಅಲ್ಲೇ. ನಮ್ಮ ಒಂದೊಲೆಯ ಯಜಮಾನಿಕೆ ಹುಸೇನಬಿಯದು. ಅವಳ ರೊಟ್ಟಿಯನ್ನು ಹೊಗಳಲು ನಿಂತರೆ ಈ ಕಾಗದ ಸಾಲುವುದಿಲ್ಲ. ಕಾಗದವೂ ನಾವೇ ಜೋಳದ ದಂಟಿನಿಂದ ಮಾಡಿದ್ದು. ಅಲ್ಲಲ್ಲಿ ನಾರು ಎದ್ದಿದ್ದರೆ ಬೈಯಬೇಡಿ. ನನ್ನ ಕಸುಬಿಗೆ ಪುಟಗಾರ್ತಿ ಎಂದು ಹೆಸರು. ಊರಿನ ಪ್ರತಿ ಮಗುವಿಗೂ ಐದು ತುಂಬಿದಾಗ ಅದರದೇ ಹೆಸರಿನ, ಅದರದೇ ಮುಖದ ಚಿತ್ರಪುಸ್ತಕ ಬರೆದುಕೊಡುವುದು ನನ್ನ ಕೆಲಸ. ನಲವತ್ತು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬರೆದಿದ್ದೇನೆ.

ಈ ಪದ್ಧತಿ ಎಲ್ಲಿಂದ ಬಂತೆಂದರೆ ನಿಮ್ಮಿಂದ. ನೂರು ವರ್ಷದ ಹಿಂದೆ, ಮೊಬೈಲಿನ, ಟೀವಿಯ ತೆರೆಗಳನ್ನು ನೋಡಿ ನೋಡಿ ಮಕ್ಕಳು ತಮ್ಮ ಮುಖ ಕಂಡರೆ ತಾವೇ ಅಸಹ್ಯಪಡುವ ಸ್ಥಿತಿಗೆ ಬಂದಿದ್ದರಂತೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತೆರೆ ತೋರಿಸಬಾರದೆಂದು ಆಗಿನ ಹಿರಿಯರು ನಿಯಮ ಮಾಡಿದರು. ಅದು ಒಳ್ಳೆಯ ಕೆಲಸವೇ. ಆದರೆ ಕಿತ್ತುಕೊಂಡ ಮೇಲೆ ಕೈಗೆ ಏನಾದರೂ ಕೊಡಬೇಕಲ್ಲ? ಹುಡುಕಿದಾಗ ಒಂದು ಪಾಳುಬಿದ್ದ ಶಾಲೆಯ ಗೋದಾಮಿನಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಟ್ರಂಕು ಸಿಕ್ಕಿತು. ಅದರೊಳಗೆ ನಿಮ್ಮ ಇನ್ನೂರ ಹನ್ನೊಂದು ಚಿತ್ರಪುಸ್ತಕಗಳಿದ್ದವು. ಎಲ್ಲವೂ ಒಂದೇ ಬಗೆಯವು. ಮಗುವಿಗೆ ಆತ್ಮವಿಶ್ವಾಸ ತುಂಬುವವು, ಬೇರೆಯಾಗಿರುವುದು ಚಂದ ಎಂದು ಹೇಳಿಕೊಡುವವು. ಗೆದ್ದಲೂ ಮುಟ್ಟಿರಲಿಲ್ಲ. ಹಿರಿಯರು ಅವನ್ನು ತಲೆಯ ಮೇಲೆ ಹೊತ್ತು ತಂದರು. ಒಂಬತ್ತು ತಿಂಗಳು ಕೂತು ಓದಿ, ವ್ಯಾಕರಣ ಕಟ್ಟುವವರ ಶ್ರದ್ಧೆಯಿಂದ ಅವುಗಳ ಲಕ್ಷಣ ಬರೆದರು.

ಲಕ್ಷಣ ಹೀಗಿದೆ. ಪುಸ್ತಕಕ್ಕೆ ಹದಿನಾರು ಪುಟ. ಮೊದಲ ಪುಟಗಳಲ್ಲಿ ಒಂದು ಪ್ರಾಣಿ ಇರುತ್ತದೆ, ಅದು ಉಳಿದವುಗಳ ಹಾಗಿಲ್ಲ. ನಡುವಿನ ಪುಟಗಳಲ್ಲಿ ಎಲ್ಲರೂ ಅದನ್ನು ನೋಡಿ ನಗುತ್ತಾರೆ. ಹನ್ನೆರಡರಲ್ಲಿ ಅದು ಮರದ ಕೆಳಗೆ ಒಂಟಿಯಾಗಿ ಕೂತು ಅಳುತ್ತದೆ. ಹದಿಮೂರರಲ್ಲಿ ಊರಿಗೆ ಏನೋ ಗಂಡಾಂತರ ಬರುತ್ತದೆ. ಹದಿನಾಲ್ಕರಲ್ಲಿ ಅದರ ಆ ಬೇರೆತನವೇ ಎಲ್ಲರ ಉಪಯೋಗಕ್ಕೆ ಬರುತ್ತದೆ. ಹದಿನೈದರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹದಿನಾರರಲ್ಲಿ ದೊಡ್ಡ ಅಕ್ಷರಗಳಲ್ಲಿ "ನೀನು ನೀನಾಗಿಯೇ ಇರು" ಎಂದಿರುತ್ತದೆ. ಸೊಟ್ಟ ಕೊಂಬಿನ ಮೇಕೆಯನ್ನು ಹಂಗಿಸುತ್ತಿದ್ದವರು, ಅದು ಬಾವಿಗೆ ಬಿದ್ದ ಕೊಡವನ್ನು ಅದೇ ಕೊಂಬಿನಿಂದ ಎತ್ತಿಕೊಟ್ಟ ಮೇಲೆ ಅದನ್ನು ಅಪ್ಪಿಕೊಂಡರು. ಗೊರಕೆ ಹೊಡೆಯುವ ಮರಿಯಾನೆಯನ್ನು ಹಿಂಡಿನಿಂದಾಚೆ ಮಲಗಿಸುತ್ತಿದ್ದವರು, ಆ ಗೊರಕೆಗೆ ಬೇಟೆಗಾರ ಹೆದರಿ ಓಡಿದ ಮೇಲೆ ನಡುವೆ ಮಲಗಿಸಿಕೊಂಡರು. ಒಂದು ಪುಸ್ತಕದಲ್ಲಿ ಮಾಲುಗಣ್ಣಿನ ಬೆಕ್ಕು ಒಂದೇ ಏಟಿಗೆ ಎರಡು ಇಲಿ ಹಿಡಿಯುತ್ತದೆ. ಓದಲು ಮಜವಾಗಿವೆ, ಇಲ್ಲವೆನ್ನುವುದಿಲ್ಲ. ಚಿಕ್ಕವಳಿದ್ದಾಗ ಆ ಬೆಕ್ಕಿನ ಪುಟವನ್ನು ನಾನು ನೆಕ್ಕುವುದೊಂದು ಬಾಕಿ ಇತ್ತು.

ನನ್ನ ಪ್ರಶ್ನೆ ಇಷ್ಟೇ. ಕೊಡ ಬಾವಿಗೆ ಬೀಳದೆ ಇದ್ದಿದ್ದರೆ? ಮೇಕೆ ಅದೇ ಮೇಕೆ, ಕೊಂಬು ಅದೇ ಕೊಂಬು. ಯಾರದೂ ಕೊಡ ಬೀಳದಿದ್ದರೆ ಅದು ಸಾಯುವವರೆಗೂ ಮರದ ಕೆಳಗೇ ಕೂತಿರಬೇಕಿತ್ತೆ? ಇನ್ನೂರ ಹನ್ನೊಂದು ಪುಸ್ತಕಗಳಲ್ಲಿ ಒಬ್ಬ ಪುಣ್ಯಾತ್ಮನಿಗೂ ಇದು ಹೊಳೆಯಲಿಲ್ಲವೆ? ಪ್ರೀತಿ, ಒಪ್ಪಿಗೆ ಎಂದೆಲ್ಲ ಬಣ್ಣಬಣ್ಣದ ಅಕ್ಷರದಲ್ಲಿ ಬರೆದು, ಒಳಗೆ ಸಂತೆಯಲ್ಲಿ ದನದ ಹಲ್ಲು ನೋಡುವ ಕೆಲಸವನ್ನೇ ಮಾಡಿದ್ದೀರಿ. ಈಗ ಆ ಪುಸ್ತಕಗಳನ್ನು ತೆರೆದರೆ, ಹದಿನೈದನೇ ಪುಟದಲ್ಲಿ ಹಲ್ಲು ಕಿರಿಯುತ್ತ ನಿಂತ ಆ ಮೊಲ, ಅಳಿಲು, ಜಿಂಕೆಗಳ ಮುಖಕ್ಕೆ ಮಸಿ ಬಳಿಯಬೇಕೆನಿಸುತ್ತದೆ.

ನಮ್ಮ ಹಿರಿಯರಿಗೂ ಅದು ಹೊಳೆಯಲಿಲ್ಲ. ನೀವು ಕತೆಯೆಂದು ಬರೆದದ್ದನ್ನು ಅವರು ಕಾನೂನು ಮಾಡಿದರು. ಪ್ರತಿ ಮಗುವಿನ ವಿಶೇಷವನ್ನು ಐದನೇ ವಯಸ್ಸಿಗೆ ಪುಟ ಮಂಡಳಿ ಬರೆದುಕೊಳ್ಳುತ್ತದೆ. ಪುಟಗಾರ್ತಿ ಅದಕ್ಕೊಂದು ಪುಸ್ತಕ ಬರೆಯುತ್ತಾಳೆ. ಹತ್ತು ತುಂಬುವುದರೊಳಗೆ ಆ ಮಗು ತನ್ನ ಪುಸ್ತಕದ ಹದಿನಾಲ್ಕನೇ ಪುಟವನ್ನು ಬದುಕಿನಲ್ಲಿ ಮಾಡಿ ತೋರಿಸಬೇಕು. ಮಾಡಿದಾಗ ಸುತ್ತ ಇದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಚಪ್ಪಾಳೆ ತಟ್ಟಬೇಕು, ಇದನ್ನು ನಾವು ತೊಟ್ಟಿಲ ಕೂಸಿಗೇ ರೂಢಿ ಮಾಡಿಸುತ್ತೇವೆ. ಆಮೇಲೆ ವರ್ಷದ ಮೊದಲ ದಿನ ಚಪ್ಪಾಳೆಯ ಹಬ್ಬದಲ್ಲಿ ಮಗುವಿನ ಹೆಸರು ಓದಿ ಮೇಲಿನ ತರಗತಿಗೆ ಕಳಿಸುತ್ತಾರೆ. ಬೀಗರು ಸಿಕ್ಕರೆ ಮೊದಲ ಮಾತೇ "ನಿಮ್ಮ ಹುಡುಗಿಗೆ ಹದಿನಾಲ್ಕು ಆತೇನ್ರೀ?" ಎಂದು. ಆಗದ ಮಕ್ಕಳಿಗೆ ಕಾಯೋ ತರಗತಿ ಇದೆ. ಅಲ್ಲಿ ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಮಕ್ಕಳು ಕಾಗದ ಕತ್ತರಿಸುತ್ತ, ಪುಸ್ತಕ ಹೊಲಿಯುತ್ತ ಕೂತಿರುತ್ತಾರೆ. ಬೆಳಗ್ಗೆ ಮಾಸ್ತರರು ಬಾಗಿಲಲ್ಲಿ ನಿಂತು "ಇವತ್ತರ ಆದೀತೇನು?" ಎಂದು ಪ್ರೀತಿಯಿಂದ ಕೇಳುತ್ತಾರೆ. ಅಲ್ಲಿ ಕೂತಿರುವವರಲ್ಲಿ ಇಬ್ಬರಿಗೆ ಕೂದಲು ನೆರೆತಿದೆ.

ನಾನು ಬರೆದ ಹದಿನಾಲ್ಕುಗಳನ್ನು ನೆನೆದರೆ ನನಗೇ ನಾಚಿಕೆ. ಒಂದು ಕಾಲು ಗಿಡ್ಡವಿದ್ದ ಹುಡುಗನಿಗೆ, ಇಳಿಜಾರಿನಲ್ಲಿ ಬೀಳದೆ ನಿಲ್ಲುವವನು ಅವನೊಬ್ಬನೇ ಎಂದು ಬರೆದೆ. ಪಾಪ, ಅವನು ದಿನವೂ ಸಂಜೆ ಗುಡ್ಡದ ಇಳಿಜಾರಿಗೆ ಹೋಗಿ ಯಾರಾದರೂ ಜಾರಿ ಬೀಳಲಿ ಎಂದು ಕಾಯುತ್ತ ನಿಲ್ಲುತ್ತಿದ್ದ. ಮಾತುಮಾತಿಗೂ ಅಳುವ ಹುಡುಗಿಗೆ, ಊರಿನವರೆಲ್ಲ ಅಳುವುದನ್ನೇ ಮರೆತಾಗ ಅವಳೇ ಕಲಿಸಿಕೊಟ್ಟಳು ಎಂದು ಬರೆದೆ. ಏನೂ ಹೊಳೆಯದಿದ್ದಾಗ ಮಂಡಳಿಯ ಬಳಿ ಒಂದು ಸಿದ್ಧ ಸಾಲಿದೆ: "ಇವರಿಂದ ನಾವು ತಾಳ್ಮೆ ಕಲಿತೆವು." ಮಾತು ಬಾರದವರಿಗೆ, ಎದ್ದು ನಡೆಯಲಾರದವರಿಗೆ, ಬುದ್ಧಿ ಬಲಿಯದವರಿಗೆ ಆ ಸಾಲು. ಅಂದರೆ ಆ ಮಗು ಹುಟ್ಟಿದ್ದೇ ಪಕ್ಕದ ಮನೆಯವರ ತಾಳ್ಮೆಗೆ ಅಭ್ಯಾಸವಾಗಲಿ ಎಂದು. ಥೂ. ಅದನ್ನು ನನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ ಬರೆದಿದ್ದೇನೆ.

ಈಗ ದ್ಯಾಮಿಯ ಮಾತು. ದ್ಯಾಮವ್ವ ನನ್ನ ಮಗಳ ಮಗಳು. ನಿಮ್ಮ ಕಾಲದಲ್ಲಿ ಮುದುಕಿಯರಿಗಿದ್ದ ಹೆಸರು, ಈಗ ಮತ್ತೆ ಮಕ್ಕಳಿಗೆ ಬಂದಿದೆ. ಅವಳ ತಾಯಿ ದೂರದ ಉಪ್ಪುನೀರಿನ ಕಾರ್ಖಾನೆಯಲ್ಲಿದ್ದಾಳೆ, ವರ್ಷಕ್ಕೆರಡು ಸಲ ಬರುತ್ತಾಳೆ. ದ್ಯಾಮಿ ಬೆಳೆದದ್ದು ನನ್ನ ಹತ್ತಿರ. ಅವಳು ಉಗ್ಗುತ್ತಾಳೆ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡು ನಾಲ್ಕೈದು ಸಲ ತಿರುಗಿ ಆಮೇಲೆ ಹೊರಬರುತ್ತದೆ. ನನ್ನನ್ನು ಆಯಿ ಎಂದು ಕರೆಯಲು ಅವಳಿಗೆ ರೊಟ್ಟಿ ಮಗುಚಿ ಹಾಕುವಷ್ಟು ಹೊತ್ತು ಬೇಕು. ಐದು ತುಂಬುವವರೆಗೆ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಒಂದೊಲೆಯಲ್ಲಿ "ಚ... ಚ... ಚಟ್ನಿ" ಎಂದರೆ ಹುಸೇನಬಿ ಚಟ್ನಿ ಹಾಕುತ್ತಿದ್ದಳು, ಅಷ್ಟೇ. ಐದು ತುಂಬಿದ ದಿನ ಮಂಡಳಿಯವರು ಬಂದು ವಿಶೇಷದ ಕಾಲಮ್ಮಿನಲ್ಲಿ ಉಗ್ಗು ಎಂದು ಬರೆದುಕೊಂಡರು. ಹದಿನಾಲ್ಕನೇ ಪುಟಕ್ಕೆ ತಾಳ್ಮೆಯ ಸಾಲು ಸಾಕು ಎಂದರು.

ನನ್ನ ಸೊಕ್ಕು ಹೆಡೆಯೆತ್ತಿತು. ಊರಿನ ಪುಟಗಾರ್ತಿಯ ಮೊಮ್ಮಗಳಿಗೆ ಸಿದ್ಧ ಸಾಲೆ? ಎಂಟು ದಿನ ಊಟ ಬಿಟ್ಟು ಯೋಚಿಸಿ ಒಂದು ಪುಟ ಕಟ್ಟಿದೆ. ಶಾಲೆಗೆ ಬೆಂಕಿ ಬಿದ್ದಿದೆ, ಯಾರಿಗೂ ಗೊತ್ತಿಲ್ಲ, ದ್ಯಾಮಿ ಒಬ್ಬಳೇ ನೋಡಿದ್ದಾಳೆ. ಅವಳು ಅಂಗಳದ ನಡುವೆ ನಿಂತು, ಎಡಗೈಯಿಂದ ಹಿಂದಕ್ಕೆ ತೋರಿಸುತ್ತ, "ಬೆ ಬೆ ಬೆ ಬೆ ಬೆಂಕಿ" ಎಂದು ಕೂಗುತ್ತಾಳೆ. ಒಂದೇ ಸಲ ಬೆಂಕಿ ಎಂದಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವಳ "ಬೆ ಬೆ ಬೆ" ಗಂಟೆ ಬಾರಿಸಿದಂತೆ ಊರನ್ನೆಲ್ಲ ಎಚ್ಚರಿಸುತ್ತದೆ. ಬಾಯಿಂದ ಹೊರಟ ಒಂದೊಂದು "ಬೆ"ಗೂ ಒಂದೊಂದು ಹಳದಿ ಬಳೆ ಬಿಡಿಸಿದೆ. ಮಂಡಳಿಯವರು ಮೂಗಿನ ಮೇಲೆ ಬೆರಳಿಟ್ಟರು. ಆ ಪುಟವನ್ನು ದೊಡ್ಡದು ಮಾಡಿ ಶಾಲೆಯ ಗೋಡೆಗೆ ಅಂಟಿಸಿದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಓಣಿಯಲ್ಲೆಲ್ಲ ಓಡಾಡಿದೆ.

ಅವತ್ತಿನಿಂದ ಆ ಮಗು ಬೆಂಕಿಗೆ ಕಾಯತೊಡಗಿತು. ಒಂದೊಲೆಯ ಮುಂದೆ ಕೂತು ಕಿಡಿ ಎಲ್ಲಿ ಹಾರುತ್ತದೆಂದು ನೋಡುತ್ತಿತ್ತು. ಆರು ಹೋಯಿತು, ಏಳು ಹೋಯಿತು. ಎಂಟು ತುಂಬುವ ಹೊತ್ತಿಗೆ ಅವಳ ಓರಗೆಯವರಿಗೆಲ್ಲ ಹದಿನಾಲ್ಕು ಆಗಿ, ಇವಳೂ ಇನ್ನೊಬ್ಬಳೂ ಉಳಿದರು. ಬರುವ ತಿಂಗಳು ಅವಳಿಗೆ ಹತ್ತು ತುಂಬುತ್ತದೆ. ಊರಿಗೆ ಬೆಂಕಿ ಬೀಳಲಿಲ್ಲ. ದೇವರು ದೊಡ್ಡವನು ಎಂದು ನಾವು ಅಂದುಕೊಳ್ಳುತ್ತಿದ್ದಾಗ ಅವಳು ಅದೇ ದೇವರ ಮುಂದೆ ಬೆಂಕಿ ಬೀಳಲಿ ಎಂದು ಕೈಮುಗಿಯುತ್ತಿದ್ದಳೆಂದು ನನಗೆ ತಿಳಿಯಲಿಲ್ಲ.

ಹನ್ನೆರಡು ದಿನದ ಹಿಂದೆ, ಬೆಳಗಿನ ಎಂಟು ಗಂಟೆಗೆ, ಅವಳು ಒಂದೊಲೆಯಿಂದ ಒಂದು ಕೆಂಡವನ್ನು ಬುಡ ಸೀಳಿದ ಚರಿಗೆಯಲ್ಲಿ ಹಾಕಿಕೊಂಡು ಹೋಗಿ ಶಾಲೆಯ ಹಿಂದೆ ಕಾಗದ ಒಟ್ಟಿಡುವ ಚಪ್ಪರಕ್ಕೆ ಹಚ್ಚಿದಳು. ಸ್ವಲ್ಪವೇ ಹಚ್ಚುವುದು, ಓಡಿಬಂದು ಕೂಗುವುದು, ಎಲ್ಲರೂ ಬಂದು ಆರಿಸುವುದು, ಚಪ್ಪಾಳೆ, ಮೇಲಿನ ತರಗತಿ. ಹತ್ತು ತುಂಬದ ತಲೆಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಅಂಗಳದ ನಡುವೆ ನಿಂತು, ಎಡಗೈ ಹಿಂದಕ್ಕೆ ಮಾಡಿ, "ಬೆ ಬೆ ಬೆ ಬೆ" ಎಂದು ಕೂಗಿದಳು. ಅರವತ್ತು ಮಕ್ಕಳು, ನಾಲ್ಕು ಜನ ಮಾಸ್ತರರು ತಿರುಗಿ ನೋಡಿದರು. ಗೋಡೆಯ ಮೇಲಿನ ಚಿತ್ರ ಎಲ್ಲರಿಗೂ ಬಾಯಿಪಾಠ. ಅದೇ ಅಂಗಳ, ಅದೇ ಎಡಗೈ, ಅದೇ "ಬೆ". ಅವರು ಕೈಯಲ್ಲಿದ್ದ ಕೆಲಸ ಬಿಟ್ಟರು. ಬಿಟ್ಟು ಚಪ್ಪಾಳೆ ತಟ್ಟಿದರು.

ಇದನ್ನು ಇನ್ನೊಮ್ಮೆ ಓದಿ, ಹಿರಿಯರೇ. ಹಿಂದೆ ಚಪ್ಪರ ಉರಿಯುತ್ತಿದೆ, ಮುಂದೆ ಮಗು ಕೂಗುತ್ತಿದೆ, ಅರವತ್ತನಾಲ್ಕು ಜನ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಅವಳು ಅಳುತ್ತ ಮತ್ತೆ ಮತ್ತೆ ಹಿಂದಕ್ಕೆ ತೋರಿಸಿದಷ್ಟೂ ಇವರ ಉತ್ಸಾಹ ಹೆಚ್ಚಿತಂತೆ. ಕೊನೆಗೆ ಅವಳೇ ಓಡಿಹೋಗಿ ಉರಿಯುವ ಕಾಗದವನ್ನು ಬರಿಗೈಯಲ್ಲಿ ಎಳೆದು ಹಾಕಲು ನೋಡಿದಳು. ಅಷ್ಟರಲ್ಲಿ ಮಕ್ಕಳಿಗೆ ಮಜ್ಜಿಗೆ ತಂದಿದ್ದ ಹುಸೇನಬಿ ವಾಸನೆ ಹಿಡಿದು ಒಳಗೆ ಬಂದಳು. ಹುಸೇನಬಿ ಬೇರೆ ಸೀಮೆಯಿಂದ ಬಂದವಳು, ನಮ್ಮ ಪುಸ್ತಕ ಓದಿ ಬೆಳೆದವಳಲ್ಲ. "ಏ, ನಿಮ್ಮ ಕೈಗೆ ಏನ ಬಡದೈತಿ! ತಟ್ಕೋಂತ ನಿಂತೀರಲ್ಲ, ನೀರ ತರ್ರೀ!" ಎಂದು ಕಿರುಚಿ ಇಡೀ ಕೊಳಗದ ಮಜ್ಜಿಗೆಯನ್ನು ಬೆಂಕಿಯ ಮೇಲೂ ಮಗುವಿನ ಮೇಲೂ ಸುರಿದಳು. ದ್ಯಾಮಿ ಬದುಕಿದಳು. ಅವಳ ಬಲಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲ.

ಮೂರನೇ ದಿನ ಅವತ್ತು ತಟ್ಟಿದವರಲ್ಲಿ ಒಬ್ಬರು, ಮಂಡಳಿಯ ಅಧ್ಯಕ್ಷರಾದ ಪಂಪಣ್ಣ ಮಾಸ್ತರರು ಶೇಂಗಾ ಉಂಡಿ ಕಟ್ಟಿಸಿಕೊಂಡು ಮನೆಗೆ ಬಂದರು. "ಇಂಥಾ ಹದಿನಾಲ್ಕು ನಮ್ಮೂರಾಗ ಆಗಿದ್ದs ಇಲ್ಲ ನೀಲವ್ವಾರ. ನೀವು ಬರದಂಗs ಆತು ನೋಡ್ರಿ" ಎಂದರು. ದ್ಯಾಮಿ ಚಾಪೆಯ ಮೇಲೆ ಮಲಗಿದ್ದವಳು ಎದ್ದು ಕೂತು "ಮಾ... ಮಾ... ಮಾಸ್ತರ, ನಾ... ನಾನ ಹ... ಹ... ಹ..." ಎಂದಳು. ಹಚ್ಚಿದೆ ಎನ್ನಲು ಹೊರಟಿದ್ದಳು. ಮಾಸ್ತರರಿಗೆ ಕಾಯಲು ಪುರಸೊತ್ತಾಗಲಿಲ್ಲ. "ಹೌದವ್ವಾ, ನೀನs ಹುಡುಕಿದಿ, ನೀನs ಹೇಳಿದಿ, ಎಲ್ಲಾರಿಗೂ ಗೊತ್ತೈತಿ ಬಿಡು" ಎಂದು ಅವಳ ತಲೆ ಸವರಿದರು. ಆಮೇಲೆ ಬ್ಯಾಂಡೇಜು ಕಟ್ಟಿದ ಕೈಯನ್ನು ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಈಗ ಅಕಿಗೆ ಎರಡು ವಿಶೇಷ ಆದೂವು. ಹೊಸಾ ಪುಸ್ತಕಾನs ಬರೀರಿ, ಹಬ್ಬದಾಗ ಓದೂಣು" ಎಂದರು. ಎಷ್ಟೋ ಮಕ್ಕಳಿಗೆ ತಾಳ್ಮೆಯ ಸಾಲು ಹಚ್ಚಿಕೊಟ್ಟ ಮನುಷ್ಯನಿಗೆ ಒಂದು ಮಗುವಿನ ಒಂದು ಮಾತು ಮುಗಿಯುವವರೆಗೆ ಕಾಯಲಾಗಲಿಲ್ಲ. ಅವರು ಕೊಟ್ಟ ಉಂಡಿಯನ್ನು ನಾಯಿಗೆ ಹಾಕಿದೆ.

ಅವರಿಗೆ ಬೈದು ನಾನು ದೊಡ್ಡವಳಾಗುವುದಿಲ್ಲ. ಅವತ್ತು ಅವರು ಹೋದ ಮೇಲೆ ದ್ಯಾಮಿ ನನ್ನೆದುರು ಅದೇ ಮಾತನ್ನು ಮತ್ತೆ ಶುರುಮಾಡಿದಳು. "ಆ... ಆಯಿ, ನಾನ ಹ... ಹ..." ಎಂದಾಗ ನಾನೂ "ಹೆದರಿದ್ಯಾ?" ಎಂದೆ. ಅವಳು ತಲೆಯಲ್ಲಾಡಿಸಿ ಮತ್ತೆ ಮೊದಲಿನಿಂದ ಹಿಡಿದಳು. "ಹಸಿವಾ?" ಎಂದೆ. ಮೂರನೇ ಸಲ ಅವಳು ಇದ್ದೊಂದು ಒಳ್ಳೆಯ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಮುಚ್ಚಿಕೊಂಡೇ ಹೇಳಿದಳು. ಕೆಂಡ ಎತ್ತಿದ್ದು, ಹಚ್ಚಿದ್ದು, ಕೂಗಿದ್ದು, ಅವರು ತಟ್ಟಿದ್ದು, ಎಲ್ಲವನ್ನೂ. ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ, ಬಾಗಿಲು ತೆಗೆಯುವ ಹೊತ್ತಾಗಿತ್ತು. ಇಷ್ಟು ವರ್ಷ ಅವಳ ಎಷ್ಟು ಮಾತುಗಳನ್ನು ನಾನು ತಪ್ಪಾಗಿ ಮುಗಿಸಿದ್ದೇನೋ. ನನ್ನ ಮೇಲೆ ನನಗೆ ಬಂದ ಹೇಸಿಗೆ ಇನ್ನೂ ಹೋಗಿಲ್ಲ.

ಹೊಸ ಪುಸ್ತಕ ಬರೆಯಲು ಕೂತೆ. ಮಂಡಳಿಗೆ ಬೇಕಾದಂತೆ ಬರೆದರೆ ಅವಳು ನಾಳೆ ಮೇಲಿನ ತರಗತಿಗೆ ಹೋಗುತ್ತಾಳೆ, ಸುಳ್ಳನ್ನು ಬೆನ್ನಿಗೆ ಕಟ್ಟಿಕೊಂಡು. ನಿಜ ಬರೆದರೆ ಕಾಯೋ ತರಗತಿ ತಪ್ಪುವುದಿಲ್ಲ, ನನ್ನ ಕಸುಬೂ ಹೋಗುತ್ತದೆ. ಕಸುಬಿನ ಮಾತು ಬಿಡಿ. ಮಗುವಿನ ಮಾತು ಹಾಗೆ ಬಿಡಲಾಗುವುದಿಲ್ಲವಲ್ಲ. ಎರಡು ದಿನ ಕುಂಚ ಮುಟ್ಟಲಿಲ್ಲ. ಕೊನೆಗೆ ಅವಳನ್ನೇ ಕೂರಿಸಿಕೊಂಡು ಎರಡನ್ನೂ ಬಿಡಿಸಿ ಹೇಳಿದೆ, ನಿನಗೇನು ಬೇಕು ಎಂದು ಕೇಳಿ ಸುಮ್ಮನೆ ಕೂತೆ. ಕಾಯುವುದನ್ನು ಕಲಿಯಬೇಕಾದವಳು ನಾನು ತಾನೆ. ಬಹಳ ಹೊತ್ತಾದ ಮೇಲೆ ಅವಳು ಕೇಳಿದಳು: "ಆ... ಆಯಿ, ಹದಿನಾಲ್ಕನೇ ಪುಟದಾಗ ನಾ ಸು... ಸು... ಸುಮ್ನ ಉ... ಉಣ್ಣಾಕ ಕುಂತರ ನ... ನಡೀತೈತೇನು?"

ಹಾಗೇ ಬರೆದೆ. ಹನ್ನೆರಡನೇ ಪುಟದಲ್ಲಿ ಅವಳ ಕೈಯಲ್ಲಿ ಕೆಂಡದ ಚರಿಗೆ ಇದೆ. ಹದಿಮೂರರಲ್ಲಿ ಉರಿಯುವ ಚಪ್ಪರ, ತಟ್ಟುವ ಅರವತ್ತನಾಲ್ಕು ಜೊತೆ ಕೈಗಳು. ಪಂಪಣ್ಣ ಮಾಸ್ತರರ ಉಂಗುರವನ್ನೂ ಬಿಟ್ಟಿಲ್ಲ. ಹದಿನಾಲ್ಕರಲ್ಲಿ ನಮ್ಮ ಒಂದೊಲೆ. ಸಾಲಾಗಿ ಎಲ್ಲರೂ ಉಣ್ಣುತ್ತಿದ್ದಾರೆ. ದ್ಯಾಮಿ ಎಡಗೈಯಲ್ಲಿ ರೊಟ್ಟಿ ಮುರಿಯುತ್ತಿದ್ದಾಳೆ, ಅರ್ಧ ಲಂಗದ ಮೇಲೆ ಉದುರಿದೆ. ಪಕ್ಕದವಳು ಹಪ್ಪಳ ಕಡಿಯುತ್ತಿದ್ದಾಳೆ. ಹುಸೇನಬಿ ಬೇರೆ ಯಾರಿಗೋ ಬೈಯುತ್ತ ಇವಳ ತಟ್ಟೆಗೆ ಚಟ್ನಿ ಹಾಕುತ್ತಿದ್ದಾಳೆ. ಹದಿನೈದು, ಹದಿನಾರು ಬರೆಯಲೇ ಇಲ್ಲ.

ದ್ಯಾಮಿ ಆ ಪುಟವನ್ನು ಬಣ್ಣ ಒಣಗುವವರೆಗೆ ನೋಡಿದಳು. "ಇ... ಇವರ್ಯಾರೂ ನನ್ನ ಯಾ... ಯಾಕ ನೋಡವಲ್ರು?" ಎಂದು ಕೇಳಿದಳು. "ಅವರು ಉಣ್ಣಾಕತ್ತಾರವಾ, ನಿನ್ನ ಯಾಕ ನೋಡ್ಯಾರು?" ಎಂದೆ. ಬೆಂಕಿಯಾದ ಮೇಲೆ ಮೊದಲ ಸಲ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇ... ಇದನ್ನs ಕೊಡು" ಎಂದಳು. ಕಾಯೋ ತರಗತಿ ಎಂದು ನೆನಪಿಸಿದೆ. ಹದಿನಾಲ್ಕು ಆಗದೆ ಉಳಿದ ಅವಳ ಗೆಳತಿಯೂ ಅಲ್ಲಿಗೆ ಬರುತ್ತಾಳಂತೆ, ಪುಸ್ತಕ ಹೊಲಿಯುವುದನ್ನು ಎಡಗೈಯಲ್ಲೂ ಕಲಿಯಬಹುದಂತೆ. ನಾಳೆ ಹಬ್ಬದಲ್ಲಿ ಇದನ್ನೇ ಕೊಡುತ್ತೇನೆ. ಊರು ನಮಗೆ ಏನು ಮಾಡುತ್ತದೋ ಗೊತ್ತಿಲ್ಲ. ಹೆದರಿಕೆ ಇದೆ. ಅವಳಿಗಿಂತ ನನಗೇ ಹೆಚ್ಚು.

ಹಿರಿಯರೇ, ನಿಮ್ಮ ಕಾಲದಲ್ಲಿ ಇದಿನ್ನೂ ಬರೀ ಪುಸ್ತಕ. ಅಂಗಡಿಯಲ್ಲಿ ಸಿಗುವ, ಬೇಡವಾದರೆ ಬಿಟ್ಟುಬರಬಹುದಾದ ಹದಿನಾರು ಪುಟ. ನೀವು ಒಳ್ಳೆಯದನ್ನೇ ಬಯಸಿ ಬರೆದಿರಿ ಎಂದು ಗೊತ್ತಿದೆ. ನಾನೂ ಒಳ್ಳೆಯದನ್ನೇ ಬಯಸಿದ್ದೆ, ಅದರ ಗುರುತು ಆ ಮಗುವಿನ ಬಲಗೈ ಮೇಲಿದೆ. ನನ್ನ ಬೇಡಿಕೆ ದೊಡ್ಡದಲ್ಲ. ಆ ಟ್ರಂಕಿಗೆ ಇನ್ನೊಂದು ಪುಸ್ತಕ ಸೇರಿಸಿ. ಅದರಲ್ಲಿ ಮೇಕೆಯ ಕೊಂಬು ಸೊಟ್ಟಗಿರಲಿ, ಯಾರ ಕೊಡವೂ ಬಾವಿಗೆ ಬೀಳದಿರಲಿ, ಮೇಕೆ ಎಲ್ಲರ ನಡುವೆ ನಿಂತು ಸೊಪ್ಪು ತಿನ್ನಲಿ. ಇನ್ನೂರ ಹನ್ನೊಂದರ ನಡುವೆ ಅಂಥದ್ದೊಂದು ಇದ್ದಿದ್ದರೆ ನಮ್ಮ ಹಿರಿಯರ ಲಕ್ಷಣ ತಪ್ಪುತ್ತಿತ್ತು, ಕಾನೂನು ಕಟ್ಟಲು ಬರುತ್ತಿರಲಿಲ್ಲ. ಬರೆಯಲಾಗದವರು ಓದುವಾಗಲಾದರೂ ಹದಿಮೂರನೇ ಪುಟಕ್ಕೆ ಪುಸ್ತಕ ಮಡಚಿ ಮಗುವನ್ನು ಊಟಕ್ಕೆ ಎಬ್ಬಿಸಿ. ತಟ್ಟೆಯ ಮುಂದೆ ಅದು ಏನಾದರೂ ಕೇಳಲು ಬಾಯಿ ತೆರೆದು ಮಾತು ಸಿಕ್ಕಿಕೊಂಡರೆ ನೀವು ಮುಗಿಸಬೇಡಿ. ಮುಗಿದ ಮೇಲೆ ಚಪ್ಪಾಳೆಯನ್ನೂ ತಟ್ಟಬೇಡಿ. ಕೇಳಿದ್ದನ್ನು ಬಡಿಸಿ.

ಇನ್ನು ನಿಲ್ಲಿಸಬೇಕು. ಒಂದೊಲೆಯ ಕಡೆಯಿಂದ ದ್ಯಾಮಿ ನನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ. ಕರೆದು ಮುಗಿಸಲಿ, ಏಳುತ್ತೇನೆ.

ನೀಲವ್ವ ಬಣಗಾರ
ನಾಳೆಯವರೆಗೆ ಗಾಳಿಕೊಪ್ಪದ ಪುಟಗಾರ್ತಿ